ಸ್ವಂತ ಕೈಯ ಅಕ್ಷರ

ಇಟ್ಟಿಗೆ ಗೂಡಿನ ಕೆಲಸದಲ್ಲಿ ಹೆತ್ತವರಿಟ್ಟ ಹೆಸರು ಬಹಳ ದಿನ ಬಾಳುವುದಿಲ್ಲ. ಕೆಲಸವೇ ಅದನ್ನು ನುಂಗಿ ತನ್ನದೊಂದು ಹೆಸರು ಇಟ್ಟುಬಿಡುತ್ತದೆ. ಅಚ್ಚು ಹಾಕುವ ಹೆಂಗಸರಲ್ಲಿ ಮುಂದಿನ ಸಾಲಿನವಳಾದ ಆಕೆಯನ್ನು ಎಲ್ಲರೂ ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ ಅವಳು ಅಕ್ಕನೇ. ಜೇಡಿಮಣ್ಣು ತುಳಿದು ಹದ ಮಾಡುವ ಅವಳ ಗಂಡ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆ ಕರೆದು, "ಅಕ್ಕ ಅಂದ್ಯಲ್ಲ, ಇನ್ನು ನಿನ್ನ ಬಟ್ಟೆ ನೀನೇ ಒಗ್ಕೊ ತಮ್ಮಾ" ಎಂದು ಅನ್ನಿಸಿಕೊಳ್ಳುತ್ತಿದ್ದ.

ಗಂಡನ ಅಣ್ಣ ಗೂಡಿನ ನೆತ್ತಿಯ ಮೇಲೆ ನಿಂತು ಬೆಂಕಿಯನ್ನು ನೋಡಿಕೊಳ್ಳುವವರು. ಅವರು ಬೆಂಕಿಯಣ್ಣ, ಅಚ್ಚಕ್ಕನಿಗೆ ಮಾತ್ರ ಭಾವ. ಭಾವನ ಹೆಂಡತಿ ಒಣಗಿದ ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಗೂಡಿಗೆ ಸಾಗಿಸುವವಳು. ಅವಳ ಹೆಸರು ರೇಡಿಯೋ. ಯಾಕೆಂದು ಕೇಳುವುದೇ ಬೇಡ. ತಲೆಯ ಮೇಲೆ ಎಷ್ಟು ಭಾರವಿದ್ದರೂ ಅವಳ ನಾಲಿಗೆಯ ಮೇಲೆ ಯಾವತ್ತೂ ಭಾರವಿರಲಿಲ್ಲ.

ಆ ಬೆಳಿಗ್ಗೆ ಅಚ್ಚಕ್ಕ ಅಂಗಳಕ್ಕೆ ಇಳಿಯದೆ, ಒಗೆದ ಬಟ್ಟೆ ಉಟ್ಟು, ಉಗುರಿನ ಸಂದಿಯ ಜೇಡಿಯನ್ನು ಕಡ್ಡಿಯಿಂದ ತೆಗೆದು, ಆಫೀಸಿನ ಕಡೆ ಹೊರಟಳು. ರೇಡಿಯೋ ಜೊತೆಗೆ ಬಂದಳು, ಅರ್ಧ ದಾರಿಯವರೆಗೆ ಮಾತ್ರ ಎಂದು ಹೇಳಿ.

"ಕೈ ನಡುಗ್ತಿದೆಯಾ?"

"ನನ್ನ ಕೈ ಯಾಕೆ ನಡುಗಬೇಕು ಅಕ್ಕ? ಕೊಡೋರ ಕೈ ನಡುಗಲಿ."

"ಅಬ್ಬಾ! ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನಗೆ ಕೈ ತೊಳೆಯೋ ಮುಂಚೆಯೇ ಬಾಯಿಗೆ ಬಂದುಬಿಟ್ಟಿದೆ."

"ನಮ್ಮ ಕೈಗೆ ಕೆಸರು, ಮೊಸರು ಇನ್ಯಾರದೋ ಬಾಯಿಗೆ. ಅದನ್ನ ಕೇಳೋಕೇ ಹೋಗ್ತಿರೋದು."

ಕೇಳಬೇಕಾಗಿದ್ದದ್ದು ಒಂದೇ: ಅಚ್ಚಿನಂಗಳಕ್ಕೆ ಒಂದು ಸೂರು. ಅಚ್ಚು ಹಾಕುವವರು ದಿನವಿಡೀ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕೆಲಸ ಮಾಡುತ್ತಾರೆ. ಮೇಲೆ ಬಿಸಿಲು, ಕೆಳಗೆ ಒದ್ದೆ. ಬಿಸಿಲನ್ನಾದರೂ ಬೆನ್ನು ತಡೆದುಕೊಳ್ಳುತ್ತದೆ. ಆದರೆ ದಾರಿ ತಪ್ಪಿ ಬಂದ ಒಂದು ಮೋಡ ಹನಿ ಉದುರಿಸಿತೆಂದರೆ, ಸಾಲಾಗಿ ಒಣಗಲಿಟ್ಟ ಹಸಿ ಇಟ್ಟಿಗೆಗಳು ಮೊದಲು ಮೂಲೆ ಕಳೆದುಕೊಂಡು, ಆಮೇಲೆ ಹೆಗಲು ಇಳಿಬಿಟ್ಟು, ಕೊನೆಗೆ ಎಲ್ಲಿಂದ ಬಂದಿದ್ದವೋ ಅಲ್ಲಿಗೇ ಸೇರಿಬಿಡುತ್ತವೆ. ಮಳೆ ತಿಂದ ಇಟ್ಟಿಗೆ ಎಣಿಕೆಗೆ ಬರುವುದಿಲ್ಲ. ಅದೇ ಮಣ್ಣನ್ನು ಬಾಚಿ, ಅದೇ ಕೆಲಸವನ್ನು ಮತ್ತೆ ಮಾಡಬೇಕು.

ಪ್ರತಿ ವರ್ಷ ಕೆಲಸಗಾರರ ಸಂಘ ಮಾಲೀಕರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಸೂರಿನ ಮಾತು ಬರುತ್ತಿತ್ತು. ಪ್ರತಿ ವರ್ಷ ಒಪ್ಪಂದದಲ್ಲಿ ಸೂರು ಇರುತ್ತಿತ್ತು. ಅಂಗಳದಲ್ಲಿ ಮಾತ್ರ ಇರುತ್ತಿರಲಿಲ್ಲ. ಮಾತುಕತೆಯ ಮೇಜಿಗೆ ಕೂರುತ್ತಿದ್ದವರು ಭಾವ ಒಬ್ಬರೇ. ಬೆಂಕಿಯವರಿಗೂ ಅವರೇ, ಹೊರುವವರಿಗೂ ಅವರೇ, ಅಚ್ಚಿನವರಿಗೂ ಅವರೇ. ಈ ಸಲ ಅಚ್ಚಿನ ಹೆಂಗಸರು ತಮಗೂ ಒಂದು ಕುರ್ಚಿ ಬೇಕೆಂದು ಪಟ್ಟು ಹಿಡಿದು, ಅಚ್ಚಕ್ಕನನ್ನು ಆರಿಸಿ ಕಳಿಸಿದ್ದರು.

ಅದಕ್ಕೆ ಮ್ಯಾನೇಜರು ನಿಯಮ ತೋರಿಸಿದರು. ಮೇಜಿಗೆ ಕೂರುವ ಪ್ರತಿನಿಧಿ ಒಪ್ಪಂದವನ್ನು ತಾನೇ ಓದಬೇಕು, ಕೊನೆಯ ಸಾಲನ್ನು ಸ್ವಂತ ಕೈಯಿಂದ ಬರೆದು ಸಹಿ ಮಾಡಬೇಕು, ಹೆಬ್ಬೆಟ್ಟು ನಡೆಯದು. ಇದು ಮಾಲೀಕರು ತಂದ ನಿಯಮವಲ್ಲ. ಯಾವುದೋ ಕಾಲದಲ್ಲಿ ಓದಲು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡು ಕಣ್ಣಿಗೆ ಮಣ್ಣೆರಚಿದ್ದಕ್ಕಾಗಿ ಸಂಘದವರೇ ಹೋರಾಡಿ ಹಾಕಿಸಿದ ನಿಯಮ. ತಾವೇ ತೋಡಿದ ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಮ್ಯಾನೇಜರ ಕೈಗೆ ಸಿಕ್ಕಿತ್ತು. ಅಚ್ಚಿನವರಲ್ಲಿ ಓದು ಬರಹ ಬಲ್ಲವರು ಯಾರಿದ್ದಾರೆ ಎಂದು ಅವರು ವಿನಯದಿಂದಲೇ ಕೇಳಿದ್ದರು. "ನಾನಿದ್ದೀನಿ" ಎಂದಿದ್ದಳು ಅಚ್ಚಕ್ಕ.

ಅವಳು ಸುಳ್ಳು ಹೇಳಿರಲಿಲ್ಲ. ಅವಳ ಅಪ್ಪ ಅಚ್ಚಿನ ಬಡಗಿ. ಪ್ರತಿ ಇಟ್ಟಿಗೆಯ ಮುಖದಲ್ಲಿ ಒಂದು ತಗ್ಗು, ಆ ತಗ್ಗಿನಲ್ಲಿ ಕೊಂಡವರ ಹೆಸರು; ಶಾಲೆಗೆ ಹೋಗುವ ಇಟ್ಟಿಗೆಗೆ ಶಾಲೆಯ ಹೆಸರು, ಆಸ್ಪತ್ರೆಗೆ ಹೋಗುವುದಕ್ಕೆ ಆಸ್ಪತ್ರೆಯದು. ಆ ಹೆಸರು ಮೂಡಲು ಅಚ್ಚಿನ ತಳದಲ್ಲಿ ಒಂದು ಮರದ ಹಲಗೆ ಇರುತ್ತದೆ. ಅದರಲ್ಲಿ ಅಕ್ಷರ ಉಬ್ಬಿ ನಿಂತಿರುತ್ತದೆ. ಅಪ್ಪ ಆ ಹಲಗೆಗಳನ್ನು ಕೆತ್ತುತ್ತಿದ್ದರು. ಶಾಲೆಯ ಹಲಗೆ ಎಷ್ಟೋ ಕೆತ್ತಿದರು, ಮಗಳನ್ನು ಮಾತ್ರ ಶಾಲೆಗೆ ಕಳಿಸಲಾಗಲಿಲ್ಲ. ಬದಲಿಗೆ ಪಕ್ಕದಲ್ಲಿ ಕೂರಿಸಿಕೊಂಡು ಉಳಿ ಕೊಟ್ಟರು. ಹೀಗೆ ಒಂದೊಂದು ಗಿರಾಕಿಯಿಂದ ಒಂದೆರಡು ಅಕ್ಷರ ದಕ್ಕಿಸಿಕೊಂಡು ಅವಳು ಇಡೀ ವರ್ಣಮಾಲೆಯನ್ನು ಕಲಿತಿದ್ದಳು. 'ಝ' ಒಂದು ಬಾಕಿ ಉಳಿದಿತ್ತು. ಆ ಅಕ್ಷರವಿರುವವರು ಯಾರೂ ಕಟ್ಟಡ ಕಟ್ಟಿಸಲಿಲ್ಲ.

ಅಪ್ಪ ಕಲಿಸಿದ ಇನ್ನೊಂದು ಪಾಠವೂ ಅವಳ ಸೆರಗಿನ ಗಂಟಿನಲ್ಲಿತ್ತು. "ಅಚ್ಚು ಯಾವತ್ತೂ ಇಟ್ಟಿಗೆಗಿಂತ ದೊಡ್ಡದಿರಬೇಕು ಮಗಳೇ. ಒಣಗೋವಾಗ ಒಂದು ಸಲ ಕುಗ್ಗುತ್ತೆ, ಸುಡೋವಾಗ ಇನ್ನೊಂದು ಸಲ. ಎಷ್ಟು ಬೇಕೋ ಅಷ್ಟೇ ಅಚ್ಚು ಮಾಡಿದವನಿಗೆ ಎಷ್ಟು ಬೇಕೋ ಅಷ್ಟು ಸಿಗಲ್ಲ."

ಆದ್ದರಿಂದಲೇ ಅವಳು ಈ ಸಲ ಅಚ್ಚು ಹಾಕುವ ಜಾಗಕ್ಕೆ ಸೂರು, ಇಟ್ಟಿಗೆ ಒಣಗುವ ಸಾಲುಗಳಿಗೆ ಸೂರು, ಕೂತು ಉಣ್ಣಲು ಕಟ್ಟೆ ಇರುವ ಒಂದು ಕೋಣೆ, ಮೂರನ್ನೂ ಬೇಡಿಕೆಯ ಪಟ್ಟಿಯಲ್ಲಿ ಬರೆಸಿದ್ದಳು.

ಆಫೀಸಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಕಾಗದ ಹಾರದಂತೆ ಇಟ್ಟ ಅರ್ಧ ಇಟ್ಟಿಗೆ, ಕಿಟಕಿಯ ಗಾಜಿಗೆ ಗೂಡಿನ ಬೂದಿಯ ತೆಳುವಾದ ಪದರ. ಕಾರ್ಮಿಕ ಇಲಾಖೆಯ ಅಧಿಕಾರಿ ನೆಗಡಿಯಿಂದ ಮೂಗು ಕೆಂಪಾಗಿದ್ದ ನಡುವಯಸ್ಸಿನ ಹೆಂಗಸು. ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತಿದ್ದರು. ಮ್ಯಾನೇಜರು ಅವರ ಬಲಕ್ಕೆ, ಭಾವ ಎಡಕ್ಕೆ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಹುಬ್ಬಿನ ಕೂದಲು ಮಾತ್ರ ಎಂದಿನಂತೆ ಸುಟ್ಟು ಮೊಟಕಾಗಿತ್ತು. ಅವರು ಅಚ್ಚಕ್ಕನ ಕಡೆ ಪೂರ್ತಿ ನೋಡಲೂ ಇಲ್ಲ, ನೋಡದೆ ಇರಲೂ ಇಲ್ಲ. ತಮ್ಮನ ಹೆಂಡತಿ ತಮ್ಮ ಪಕ್ಕದಲ್ಲಿ ಕುರ್ಚಿ ಕೇಳಿದ್ದು ಅವರಿಗೆ ಹೆಮ್ಮೆಯೋ ಮುನಿಸೋ ಅವರಿಗೇ ಇನ್ನೂ ಇತ್ಯರ್ಥವಾಗಿರಲಿಲ್ಲ.

"ಕೂತ್ಕೊಳ್ಳಿ ಅಮ್ಮ. ಮೊದಲು ಓದಿ ನೋಡೋಣ" ಎಂದು ಅಧಿಕಾರಿ ಅಂದಿನ ಪತ್ರಿಕೆಯ ಒಂದು ಹಾಳೆಯನ್ನು ಮುಂದೆ ಸರಿಸಿದರು.

ಅಚ್ಚಕ್ಕ ಓದಿದಳು. ಯಾವುದೋ ಸೇತುವೆಯ ಸುದ್ದಿ. ಇಟ್ಟಿಗೆಯ ಮೇಲಿನ ಹೆಸರು ಓದುವ ರೂಢಿಯಿಂದ ಒಂದೊಂದು ಪದವನ್ನೂ ಜೋರಾಗಿ, ಕರೆಯುವಂತೆ, ಪದದ ನಡುವೆ ಒಂದಿಷ್ಟು ಜಾಗ ಬಿಟ್ಟು ಓದಿದಳು. ಎಲ್ಲೂ ತಡವರಿಸಲಿಲ್ಲ. ಮ್ಯಾನೇಜರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು.

"ಭೇಷ್" ಎಂದರು ಅಧಿಕಾರಿ. "ಈಗ ಒಪ್ಪಂದದ ಕೊನೆ ಸಾಲು. ನಾನು ಹೇಳ್ತೀನಿ, ನೀವು ಬರೀರಿ. ನಾನು ಓದಿ, ತಿಳಿದು, ಒಪ್ಪಿ ಸಹಿ ಮಾಡಿದ್ದೇನೆ."

ಅಚ್ಚಕ್ಕ ಪೆನ್ನು ತೆಗೆದುಕೊಂಡಳು. ಉಳಿಗಿಂತ ಅದು ಎಷ್ಟು ಹಗುರ! ಹಾಳೆಯ ಬಲತುದಿಯಿಂದ ಶುರುಮಾಡಿ, ಅಪ್ಪ ಕಲಿಸಿದ ಹಾಗೆ ಒಂದೊಂದು ಬಾಗಿಗೂ ಗೌರವ ಕೊಟ್ಟು, ಎಡಕ್ಕೆ ಸಾಗಿದಳು. ದುಂಡು ದುಂಡಾದ, ಸಮನಾದ, ಕಣ್ಣಿಗೊತ್ತಿಕೊಳ್ಳುವಂಥ ಸಾಲು. ಮುಗಿಸಿ, ಹಾಳೆಯನ್ನು ಅಧಿಕಾರಿಯ ಕಡೆ ತಿರುಗಿಸಿ, ಕೈಕಟ್ಟಿ ಕೂತಳು.

ಅಧಿಕಾರಿ ಕನ್ನಡಕ ಏರಿಸಿದರು. ಇಳಿಸಿದರು. ಮ್ಯಾನೇಜರು ಬಗ್ಗಿ ನೋಡಿ, "ಇದು ಯಾವ ಭಾಷೆ ಅಮ್ಮ?" ಎಂದರು. ಭಾವ ಕತ್ತು ಚಾಚಿ ನೋಡಿ, ಕತ್ತನ್ನು ಆಮೆಯಂತೆ ಒಳಗೆಳೆದುಕೊಂಡರು.

"ಯಾಕೆ, ಸರಿಯಾಗಿಯೇ ಇದೆಯಲ್ಲ" ಎಂದಳು ಅಚ್ಚಕ್ಕ. "ಒತ್ತಿದ ಮೇಲೆ ನೋಡಿ."

"ಯಾವುದರ ಮೇಲೆ ಒತ್ತೋದು?"

"ಜೇಡಿ ಮೇ..." ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು.

ಓದುವುದನ್ನು ಅವಳು ಇಟ್ಟಿಗೆಯಿಂದ ಕಲಿತಿದ್ದಳು, ಬರೆಯುವುದನ್ನು ಹಲಗೆಯಿಂದ. ಎರಡರ ನಡುವೆ ಯಾವಾಗಲೂ ಒಂದು ಮುದ್ದೆ ಜೇಡಿ ಇರುತ್ತಿತ್ತು. ಹಲಗೆಯಲ್ಲಿ ತಿರುಗುಮುರುಗಾಗಿ ಕೆತ್ತಿದ್ದು ಜೇಡಿಗೆ ಒತ್ತಿದಾಗ ನೇರವಾಗುತ್ತಿತ್ತು. ಕಾಗದದ ಮೇಲೆ ಅವಳು ಜನ್ಮದಲ್ಲಿ ಬರೆದವಳಲ್ಲ. ಕಾಗದಕ್ಕೆ ಅವಳಿಂದ ಬೇಕಾಗಿದ್ದದ್ದು ಇಲ್ಲಿಯವರೆಗೆ ಹೆಬ್ಬೆಟ್ಟು ಮಾತ್ರ. ಈ ದಿನ ನಡುವೆ ಜೇಡಿ ಇಲ್ಲದೆ ಕೈ ತನಗೆ ಗೊತ್ತಿದ್ದದ್ದನ್ನು ಹಾಗೆಯೇ ಇಟ್ಟುಬಿಟ್ಟಿತ್ತು.

ಎಲ್ಲರಿಗಿಂತ ಮೊದಲು ಅವಳೇ ನಕ್ಕಳು. ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ನನ್ನ ಬುದ್ಧಿಯೇ! ಮೇಡಂ, ನಾನು ನಿಮಗಲ್ಲ, ಇಟ್ಟಿಗೆಗೆ ಕಾಗದ ಬರೆದಿದ್ದೀನಿ."

ಅಧಿಕಾರಿ ಎದ್ದು ಹೋಗಿ ಹಾಳೆಯನ್ನು ಬೆನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಬೂದಿ ಕವಿದ ಗಾಜಿನ ಮೇಲೆ ಸಾಲು ನೇರವಾಗಿ ಮೂಡಿತು: ನಾನು ಓದಿ, ತಿಳಿದು, ಒಪ್ಪಿ ಸಹಿ ಮಾಡಿದ್ದೇನೆ. ಅವರು ಅದನ್ನು ಎರಡು ಸಲ ಓದಿದರು.

"ಅಕ್ಷರ ಒಂದೂ ತಪ್ಪಿಲ್ಲ. ದಿಕ್ಕು ತಪ್ಪಿದೆ" ಎಂದರು. "ನನಗೆ ಅರ್ಥ ಆಯ್ತು. ಆದರೆ ಈ ಕಾಗದ ನಾಳೆ ನನ್ನ ಮೇಜು ಬಿಟ್ಟು ಇನ್ನೊಬ್ಬರ ಮೇಜಿಗೆ ಹೋಗುತ್ತೆ. ಅಲ್ಲಿ ಯಾರಾದ್ರೂ ಇದು ಬರಹವೇ ಅಲ್ಲ ಅಂದ್ರೆ ನಿಮ್ಮ ಒಪ್ಪಂದವೇ ಬಿದ್ದುಹೋಗುತ್ತೆ. ಅದು ನಿಮಗೇ ನಷ್ಟ."

"ನಿಯಮ ನಿಯಮವೇ" ಎಂದರು ಮ್ಯಾನೇಜರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನೆಮ್ಮದಿಯಿತ್ತು. "ಮುಂದಿನ ವರ್ಷದ ಹೊತ್ತಿಗೆ ಅಭ್ಯಾಸ ಮಾಡಿಕೊಳ್ಳಲಿ."

"ಸಹಿ ಆಗೋದು ಊಟದ ಮೇಲೆ ತಾನೇ?" ಎಂದಳು ಅಚ್ಚಕ್ಕ.

"ಹೌದು."

"ಹಾಗಾದ್ರೆ ಊಟದ ಮೇಲೆ ಬರ್ತೀನಿ."

"ಒಂದು ಊಟದ ಹೊತ್ತಲ್ಲಿ ಕೈ ತಿರುಗುತ್ತಾ ಅಮ್ಮ?"

"ಮಣ್ಣು ತಿರುಗುತ್ತೆ ಸಾರ್, ಕೈ ತಿರುಗಲ್ವಾ?"

ಹೊರಗೆ ಭಾವ ಹಿಂದಿನಿಂದ ಬಂದು ಸೇರಿಕೊಂಡರು. ಗೂಡಿನ ಬಿಸಿ ಗೋಡೆಯ ಪಕ್ಕ ಇಬ್ಬರೂ ಸ್ವಲ್ಪ ದೂರ ನಡೆದರು.

"ನೋಡಮ್ಮ" ಎಂದರು ಭಾವ, "ಅವಮಾನ ಅಂತ ತಿಳ್ಕೋಬೇಡ. ಈ ಸಲ ನಾನೇ ಸಹಿ ಹಾಕ್ತೀನಿ. ಸೂರಿನ ಮಾತು ನಾನೇ ಎತ್ತುತ್ತೀನಿ."

"ನೀವು ಪ್ರತಿ ವರ್ಷ ಎತ್ತಿದ್ದೀರಿ ಭಾವ. ನೀವು ಎತ್ತಿದ್ದು ಯಾವುದೂ ಸುಳ್ಳಲ್ಲ. ಆದರೆ ನೀವು ಎತ್ತಿ ಇಟ್ಟಿದ್ದು ಎಲ್ಲಿ ಹೋಗುತ್ತೆ ಅಂತ ನನಗೆ ನೋಡಬೇಕು. ಅದಕ್ಕೆ ಅಲ್ಲಿ ನನ್ನ ಕಣ್ಣಿರಬೇಕು."

"ನನ್ನ ಕಣ್ಣು ಸಾಲದಾ?"

"ನಿಮ್ಮ ಕಣ್ಣು ಬೆಂಕಿ ನೋಡೋದು. ಬಣ್ಣ ನೋಡಿ ಗೂಡಿನ ಹೊಟ್ಟೇಲಿ ಏನಾಗ್ತಿದೆ ಅಂತ ಹೇಳ್ತೀರಿ. ನಾನು ಬಂದು ನಿಮ್ಮ ಬೆಂಕಿಗೆ ಸಹಿ ಹಾಕಿದ್ರೆ ಬಿಡ್ತೀರಾ?"

ಭಾವ ಮೊಟಕು ಹುಬ್ಬನ್ನು ಹೆಬ್ಬೆರಳಿನಿಂದ ತೀಡಿಕೊಂಡು ಗೂಡು ಹತ್ತಿದರು.

ಅಂಗಳದಲ್ಲಿ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಅರ್ಧ ದಾರಿಯವರೆಗೆ ಮಾತ್ರ ಎಂದು ಬಂದಿದ್ದ ರೇಡಿಯೋ ಕಿಟಕಿಯ ಕೆಳಗೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಬಂದ್ಳು ನೋಡ್ರೇ, ಹಿಂದುಮುಂದು ಪಂಡಿತೆ!"

"ನಗು ಅಕ್ಕ, ನಗು. ನಕ್ಕು ಮುಗಿದ ಮೇಲೆ ಒಂದು ಮೊಳೆ ಕೊಡು."

ಆಗಷ್ಟೇ ಮಗುಚಿದ ಹಸಿ ಇಟ್ಟಿಗೆಯ ಮೇಲೆ ಅವಳು ಮೊಳೆಯಿಂದ ಬರೆಯತೊಡಗಿದಳು. ಎಡದಿಂದ ಶುರುಮಾಡಬೇಕೆಂದು ತಲೆ ಹೇಳುತ್ತಿತ್ತು. ಕೈ ಎಡದಿಂದಲೇ ಶುರುಮಾಡುತ್ತಿತ್ತು. ಆದರೆ ಮೊದಲ ಬಾಗಿನಲ್ಲೇ ಹಳೆಯ ದಾರಿ ಕಂಡ ದನದಂತೆ ಅತ್ತ ಹೊರಳುತ್ತಿತ್ತು. 'ನಾ' ಬರೆದರೆ ದೀರ್ಘ ಅತ್ತ ಮುಖ ಮಾಡುತ್ತಿತ್ತು, 'ಓ' ಹೊಟ್ಟೆಯ ಬದಲು ಬೆನ್ನು ತೋರಿಸುತ್ತಿತ್ತು. ಒಂದೊಂದು ಗೆರೆಯನ್ನೂ ಯೋಚಿಸಿ ಎಳೆದರೆ ಗೆರೆ ನಡುಗಿ ಅಕ್ಷರವೇ ಆಗುತ್ತಿರಲಿಲ್ಲ. ಯೋಚಿಸದೆ ಎಳೆದರೆ ಅಕ್ಷರವಾಗುತ್ತಿತ್ತು, ಆದರೆ ಹಲಗೆಯದು. ಇಟ್ಟಿಗೆ ತುಂಬಿತು. ಸವರಿ ಅಳಿಸಿದಳು. ಮತ್ತೆ ತುಂಬಿತು.

"ಬಲಗೈ ಕೈ ಕೊಟ್ಟಿತು ನೋಡು" ಎಂದು ಗಂಡ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದ. ಅವನು ದಿನಕ್ಕೆ ನಾಲ್ಕು ಮಾತಾಡುವವನು. ಅದರಲ್ಲಿ ಒಂದು ಮುಗಿಯಿತು. "ಉಂಡು ಹೋಗು."

"ಉಣ್ಣೋಕೆ ಅಲ್ಲ ಹೊತ್ತು ಕೇಳಿದ್ದು."

ಸಿಟ್ಟು ಬಂದಾಗ ಅಚ್ಚಕ್ಕ ಮಾಡುವುದು ಒಂದೇ ಕೆಲಸ, ಮಾಡಬೇಕಾದ ಕೆಲಸ. ಮೊಳೆಯನ್ನು ಬದಿಗಿಟ್ಟು ಜೇಡಿಯ ರಾಶಿಗೆ ಎರಡೂ ಕೈ ಹಾಕಿ ಒಂದು ಮುದ್ದೆ ಕಿತ್ತಳು. ಮರಳಿನ ಮೇಲೆ ಉರುಳಿಸಿದಳು. ಎರಡು ಅಂಗೈ ಮುದ್ದೆಯ ಎರಡು ಕಡೆಯಿಂದ ಬಂದು, ಒಂದಕ್ಕೊಂದು ಎದುರಾಗಿ ಬಾಗಿ, ಕೆಳಗೆ ಕೂಡಿ, ಮತ್ತೆ ಮೇಲೆದ್ದವು. ಮುದ್ದೆಯನ್ನು ಅಚ್ಚಿಗೆ ಎಸೆದು, ಎರಡು ಹೆಬ್ಬೆರಳಿನಿಂದ ಎರಡು ಮೂಲೆ ಒತ್ತಿದಳು. ಒತ್ತಿದ ಗುರುತು ಜೇಡಿಯಲ್ಲಿ ಉಳಿಯಿತು: ಬಲ ಹೆಬ್ಬೆರಳಿನದು ಬಲಕ್ಕೆ ಬಾಗಿದ ಕುಡಿ, ಎಡದ್ದು ಎಡಕ್ಕೆ ಬಾಗಿದ ಕುಡಿ, ಒಂದು ಇನ್ನೊಂದರ ತಿರುಗುಮುರುಗು. ಪ್ರತಿ ದಿನ ಪ್ರತಿ ಇಟ್ಟಿಗೆಯಲ್ಲೂ ನೋಡಿದ್ದು ಅದೇ. ಅಷ್ಟು ದಿನ ಅದನ್ನು ಕಣ್ಣು ಕಂಡಿರಲಿಲ್ಲ.

ಅವಳ ಕೈ ಅಲ್ಲೇ ನಿಂತಿತು.

"ಅಕ್ಕ, ಇನ್ನೊಂದು ಮೊಳೆ."

"ಒಂದರಲ್ಲೇ ಇಷ್ಟು ಘನಂದಾರಿ ಆಗಿದೆ, ಇನ್ನೊಂದು ಯಾಕೆ?"

"ಕೊಡು ಅಂದೆ."

ಅಚ್ಚಿನ ಮೇಲ್ಮುಖವನ್ನು ನೀರು ಸವರಿ ಸಮ ಮಾಡಿ, ಎರಡು ಕೈಗೂ ಒಂದೊಂದು ಮೊಳೆ ಹಿಡಿದು, ಬಲಗೈಯನ್ನು ಬಲತುದಿಗೂ ಎಡಗೈಯನ್ನು ಎಡತುದಿಗೂ ಇಟ್ಟಳು. ಕಣ್ಣು ಮುಚ್ಚಿದಳು. ಬಲಗೈಗೆ ಅದರ ಇಷ್ಟದಂತೆ ಬರೆಯಲು ಬಿಟ್ಟಳು. ಎಡಗೈಗೆ ಏನೂ ಹೇಳಲಿಲ್ಲ, ಮುದ್ದೆ ಉರುಳಿಸುವಾಗ ಏನೂ ಹೇಳದ ಹಾಗೆ. ಎರಡು ಮೊಳೆಗಳು ಒಂದರ ಕಡೆಗೊಂದು ನಡೆದು ನಡುವೆ ಬಂದು ಮುಟ್ಟಿದವು.

ಕಣ್ಣು ತೆರೆದಾಗ ಬಲಭಾಗದಲ್ಲಿ ಹಲಗೆಯ ಅಕ್ಷರ ಇತ್ತು. ಎಡಭಾಗದಲ್ಲಿ ಇಟ್ಟಿಗೆಯ ಅಕ್ಷರ ಇತ್ತು. ಸ್ವಲ್ಪ ಸೊಟ್ಟ, ಈಗಷ್ಟೇ ಎದ್ದು ನಿಂತ ಕರುವಿನ ಕಾಲಿನ ಹಾಗೆ. ಆದರೆ ನೇರ. ಯಾರು ಬೇಕಾದರೂ ಓದಬಹುದಾದ 'ನಾನು'.

ರೇಡಿಯೋ ಒಂದು ಕ್ಷಣ ಬಂದ್ ಆಯಿತು. ಹೆಂಗಸರು ಒಬ್ಬೊಬ್ಬರಾಗಿ ಬುತ್ತಿ ಬಿಟ್ಟು ಬಂದು ಸುತ್ತ ನಿಂತರು.

"ಎಡಗೈಗೆ ಯಾರೇ ಕಲಿಸಿದ್ದು?" ಎಂದಳು ಒಬ್ಬಳು.

"ಬಲಗೈ. ಇಷ್ಟು ವರ್ಷ ಎದುರಿಗೇ ಕೂತು ಕಲಿತಿದೆ. ನಾನು ಕೇಳಿರಲಿಲ್ಲ ಅಷ್ಟೆ."

"ಅಲ್ಲ, ಮನೇಲಿ ಗಂಡಸರ ಹಾಗೆ ಬಲಗೈ ಹೆಸರು ತಗೊಳ್ತು, ಎಡಗೈ ಕೆಲಸ ಮಾಡ್ಕೊಂಡು ಸುಮ್ಮನಿತ್ತು ಅನ್ನು" ಎಂದಳು ಮತ್ತೆ ಚಾಲೂ ಆದ ರೇಡಿಯೋ. ಅಚ್ಚಕ್ಕನ ಗಂಡ ತಲೆ ತಗ್ಗಿಸಿ ತುತ್ತು ನುಂಗಿದ.

ಉಳಿದ ಹೊತ್ತು ಅವಳು ಹಸಿ ಇಟ್ಟಿಗೆಗಳ ಮೇಲೆ ಎಡಗೈಯಿಂದ ಬರೆದಳು. ಮೊದಲು ಎರಡು ಕೈ ಜೊತೆಯಾಗಿ. ಆಮೇಲೆ ಬಲಗೈ ಗಾಳಿಯಲ್ಲಿ ಬರೆಯುತ್ತಿದ್ದರೆ ಎಡಗೈ ಜೇಡಿಯಲ್ಲಿ. ಆಮೇಲೆ ಬಲಗೈಯನ್ನು ತೊಡೆಯ ಮೇಲೆ ಮಲಗಿಸಿ ಎಡಗೈ ಒಂದೇ. ಜೇಡಿಯನ್ನು ಎರಡೂ ಕೈಯಿಂದ ಹೊಡೆದು ಬೆಳೆಸಿದ ಕೈಗೆ ಬಲವೇನೂ ಕಡಿಮೆಯಿರಲಿಲ್ಲ. ಹೊರಡುವಾಗ ಗಂಡ ಉಳಿದ ಮಾತುಗಳಲ್ಲಿ ಒಂದನ್ನು ಖರ್ಚು ಮಾಡಿದ: "ಕೈ ತೊಳ್ಕೋಬೇಡ. ಒಣ ಜೇಡಿ ಇದ್ರೆ ಪೆನ್ನು ಜಾರಲ್ಲ."

ಆಫೀಸಿನಲ್ಲಿ ಒಪ್ಪಂದದ ಟೈಪಾದ ಹಾಳೆಗಳು ಸಿದ್ಧವಾಗಿದ್ದವು. ಅಚ್ಚಕ್ಕ ಕೂತಳು. ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಬರಿ ಹಾಳೆಯೊಂದರ ಎಡತುದಿಯಿಂದ ಶುರುಮಾಡಿ, ಅದೇ ಸಾಲನ್ನು ಬರೆದಳು. ಬೆಳಗಿನಷ್ಟು ಅಂದವಿರಲಿಲ್ಲ. ಸಾಲು ಕೊನೆಗೆ ಬರುತ್ತ ಸ್ವಲ್ಪ ಗುಡ್ಡ ಹತ್ತಿತ್ತು. ಅಧಿಕಾರಿ ಕಿಟಕಿಯ ಕಡೆ ಹೋಗುವ ಅಗತ್ಯ ಬೀಳಲಿಲ್ಲ.

ಮ್ಯಾನೇಜರು ಹಾಳೆಯನ್ನೂ ಅವಳ ಕೈಯನ್ನೂ ನೋಡಿದರು. "ಬೆಳಿಗ್ಗೆ ಬಲಗೈ, ಈಗ ಎಡಗೈ. ಮೇಡಂ, ನಿಯಮದಲ್ಲಿ ಸ್ವಂತ ಕೈ ಅಂತ ಇದೆ."

"ಎಡಗೈ ಯಾರ ಹತ್ರಾನೂ ಸಾಲ ತಂದಿದ್ದಲ್ಲ ಸಾರ್" ಎಂದಳು ಅಚ್ಚಕ್ಕ. "ಹುಟ್ಟಿದಾಗಿನಿಂದ ಇದೆ."

ಅಧಿಕಾರಿಗೆ ಸೀನು ಬಂತೋ ನಗು ಬಂತೋ ತಿಳಿಯಲಿಲ್ಲ, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. "ಯಾವ ಕೈ ಅಂತ ನಿಯಮ ಕೇಳಲ್ಲ" ಎಂದರು. "ಕುರ್ಚಿ ಇವರದು. ಶುರು ಮಾಡೋಣ."

ಮ್ಯಾನೇಜರು ಒಪ್ಪಂದವನ್ನು ಮುಂದಿಟ್ಟು, ಇದೆಲ್ಲ ಎಂದಿನ ಹಾಗೇ ಇದೆ, ಸಹಿಯಷ್ಟೇ ಬಾಕಿ ಎಂದರು. ಭಾವ ಅಭ್ಯಾಸಬಲದಿಂದ ಜೇಬಿನ ಪೆನ್ನಿನ ಮುಚ್ಚಳ ತೆಗೆದರು. ಅವರ ಸಹಿ ಬಹಳ ಚೆಲುವಾದದ್ದು, ಹೊಗೆಯ ಹಾಗೆ ಸುರುಳಿ ಸುರುಳಿಯಾಗಿ ಮೇಲೇಳುವಂಥದ್ದು.

"ಒಂದು ನಿಮಿಷ ಭಾವ" ಎಂದಳು ಅಚ್ಚಕ್ಕ. "ಓದಿ, ತಿಳಿದು ಅಂತ ಬರೆದಿದ್ದೀನಿ. ಮೊದಲು ಅದನ್ನ ಮಾಡಬೇಕಲ್ಲ."

ಅವಳು ಓದತೊಡಗಿದಳು, ಜೋರಾಗಿ, ಒಂದೊಂದು ಪದವನ್ನೂ ಕರೆಯುವಂತೆ. ಬೆಂಕಿಯವರ ಪಾಳಿ ಆಯಿತು. ಹೊರುವವರ ದಾರಿಗೆ ಜಲ್ಲಿ ಹಾಕುವುದಾಯಿತು. ಆಮೇಲೆ ಬಂತು: "ಅಚ್ಚಿನಂಗಳಕ್ಕೆ, ಒಣಗುವ ಸಾಲುಗಳಿಗೆ ಸೂರು, ಹಾಗೂ ಊಟದ ಕೋಣೆ, ಸಾಧ್ಯವಾದಲ್ಲಿ, ಒದಗಿಸಲಾಗುವುದು."

ನಿಂತಳು. 'ಸಾಧ್ಯವಾದಲ್ಲಿ' ಎನ್ನುವುದನ್ನು ಇನ್ನೊಮ್ಮೆ ಕರೆದಳು. ಅದು ಬರಲೂ ಇಲ್ಲ, ಹೋಗಲೂ ಇಲ್ಲ, ಹಾಳೆಯ ಮೇಲೆ ಕೂತೇ ಇತ್ತು.

"ಭಾವ, ಈ ಪದ ಪ್ರತಿ ವರ್ಷ ಇತ್ತಾ?"

ಭಾವ ನೋಡಿದರು. ಅವರ ಕಿವಿ ಕೆಂಪಾಯಿತು. "ಇತ್ತಮ್ಮ. ಕಂಡಿದ್ದೆ. ಅದು... ದಯವಿಟ್ಟು ಅಂತೀವಲ್ಲ, ಆ ಥರ ಮರ್ಯಾದೆಗೆ ಹಾಕೋ ಮಾತು ಅಂದ್ಕೊಂಡಿದ್ದೆ."

"ಬೇರೆ ಯಾವ ಸಾಲಿಗೂ ಮರ್ಯಾದೆ ಕೊಟ್ಟಿಲ್ಲ ನೋಡಿ. ಸೂರಿಗೆ ಮಾತ್ರ."

ಮ್ಯಾನೇಜರು ಇದು ಕರಡಿನ ಮಾಮೂಲು ಪದ, ಸೂರಿಗೆ ಹೊದಿಸುವ ಶೀಟಿನ ಸರಬರಾಜು ತಮ್ಮ ಕೈಯಲ್ಲಿಲ್ಲ, ಅಂಗಳ ದೊಡ್ಡದು ಎಂದು ಒಂದೊಂದಾಗಿ ಹೇಳಿದರು. ಸುಳ್ಳೇನೂ ಹೇಳಲಿಲ್ಲ. ಅಚ್ಚಕ್ಕ ಎಲ್ಲ ಕೇಳಿದಳು. ಕೇಳಿ, "ಸಾಧ್ಯವಾದಲ್ಲಿ ಇಟ್ಟಿಗೆ ಹಾಕ್ತೀವಿ ಅಂತ ನಾವೂ ಬರೆದುಕೊಡೋಣ್ವಾ ಸಾರ್?" ಎಂದಳು.

ಭಾವ ಪೆನ್ನಿನ ಮುಚ್ಚಳವನ್ನು ಟಕ್ಕೆಂದು ಹಾಕಿ ಜೇಬಿಗೆ ಸಿಕ್ಕಿಸಿದರು.

"ಮ್ಯಾನೇಜರೇ" ಎಂದರು, ಗೂಡಿನ ಮೇಲಿಂದ ಕೆಳಗಿನವರಿಗೆ ಕೇಳುವಂತೆ ಮಾತಾಡಿ ಬೆಳೆದ ದನಿಯಲ್ಲಿ. "ಬೆಂಕಿ ಒಂದೇ ಕಡೆ ನಿಲ್ಲಲ್ಲ, ಮುಂದೆ ಮುಂದೆ ನಡೀತಾ ಇರುತ್ತೆ. ಅದರ ಮುಂದೆ ಒಣಗಿದ ಇಟ್ಟಿಗೆ ಜೋಡಿಸಿರಬೇಕು. ಇಲ್ಲದಿದ್ರೆ ಅದು ನಡೆಯೋದು ಎಲ್ಲಿಗೆ? ಇಷ್ಟು ವರ್ಷ ನಾನು ಬೆಂಕಿ ನಮ್ಮದು, ಅಚ್ಚು ಅವರದು ಅಂತಿದ್ದೆ. ನನ್ನ ಬೆಂಕಿ ತಿನ್ನೋದು ಅವರು ಹಾಕಿದ ಇಟ್ಟಿಗೇನ. ಆ ಪದ ಹೋಗೋವರೆಗೆ ನನ್ನ ಸಹಿಯೂ ಇಲ್ಲ."

ಅಚ್ಚಕ್ಕ ಭಾವನ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ಅವರಿಗೆ ಸಂಕೋಚವಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಆಮೇಲಿನದು ಒಣಗುವ, ಸುಡುವ ಕೆಲಸ. ಮ್ಯಾನೇಜರು ಫೋನಿಗೆ ಹೊರಗೆ ಹೋದರು, ಬಂದರು, ಮತ್ತೆ ಹೋದರು. ಊಟದ ಕೋಣೆ ಈ ವರ್ಷ ಆಗದು ಎಂದರು. ಅಚ್ಚಕ್ಕ ಬಹಳ ಹೊತ್ತು ನೊಂದವಳಂತೆ ಮುಖ ಮಾಡಿ, ಅಲ್ಲಿಯೇ ಕುಗ್ಗಬೇಕಾದ್ದು ಕುಗ್ಗಿತೆಂದು ಮನಸ್ಸಿನಲ್ಲೇ ಅಪ್ಪನಿಗೆ ಹೇಳಿ, ಆಗಲಿ ಎಂದಳು. ಎರಡು ಸೂರು ಉಳಿದವು. ಅವು ಯಾವಾಗ ಎಂಬುದಕ್ಕೆ ಮ್ಯಾನೇಜರು 'ಆದಷ್ಟು ಬೇಗ' ಎಂದು ಬರೆಯಲು ಹೊರಟಾಗ, ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, 'ಸಾಧ್ಯವಾದಲ್ಲಿ' ಎಂಬುದನ್ನು ಒಂದೇ ಗೆರೆಯಿಂದ ಹೊಡೆದು, ಅದರ ನೆತ್ತಿಯ ಮೇಲೆ ಎಡಗೈಯಿಂದ ನಿಧಾನವಾಗಿ ಬರೆದಳು: ಮಳೆಗೆ ಮುಂಚೆ.

ಅಧಿಕಾರಿ ಓದಿ, ಪಕ್ಕದಲ್ಲಿ ತಮ್ಮ ಪುಟ್ಟ ಸಹಿ ಹಾಕಿ, ಮ್ಯಾನೇಜರ ಕಡೆ ಸರಿಸಿದರು. ಅವರೂ ಹಾಕಿದರು. ಭಾವನ ಹೊಗೆ ಸುರುಳಿ ಎದ್ದಿತು. ಅದರ ಕೆಳಗೆ ಅಚ್ಚಕ್ಕನ ಹೆಸರು ಬಂತು. ಯಾರೂ ಕರೆಯದ, ಅಪ್ಪ ಇಟ್ಟ ಹೆಸರು. ಅದನ್ನು ನೋಡಿ ಭಾವ, "ಅಯ್ಯೋ, ನಿನ್ನ ಹೆಸರು ಇದಾ?" ಎಂದರು.

ಸೂರಿನ ಕಂಬಗಳಿಗೆ ಬೇಕಾದ ಇಟ್ಟಿಗೆಯನ್ನು ಆ ಅಂಗಳದಲ್ಲೇ ಹಾಕಿದರು. ಅದಕ್ಕೊಂದು ಹೊಸ ಹಲಗೆಯನ್ನು ಅಚ್ಚಕ್ಕ ಕೆತ್ತಿದಳು, ಬಲಗೈಯಿಂದ, ಬಲದಿಂದ ಎಡಕ್ಕೆ. ಜೇಡಿಗೆ ಬರೆಯುವಾಗ ಆ ಕೈಯನ್ನು ಮೀರಿಸುವವರಿರಲಿಲ್ಲ. ಕಂಬದ ಪ್ರತಿ ಇಟ್ಟಿಗೆಯ ತಗ್ಗಿನಲ್ಲೂ 'ಮಳೆಗೆ ಮುಂಚೆ' ಎಂದಿತ್ತು. ಗಾರೆ ಬಿದ್ದ ಮೇಲೆ ಅದು ಹೊರಗೆ ಯಾರಿಗೂ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ.

ಕೊನೆಯ ಶೀಟಿಗೆ ಮೊಳೆ ಹೊಡೆದು ಕೆಲವೇ ದಿನಕ್ಕೆ, ಮಧ್ಯಾಹ್ನ, ದಾರಿ ತಪ್ಪಿದ ಮೋಡವೊಂದು ಅಂಗಳದ ಮೇಲೆ ಬಂದು ನಿಂತಿತು. ಹೆಂಗಸರು ರೂಢಿಯಂತೆ ಎದ್ದು ಇಟ್ಟಿಗೆಗೆ ಹೊದಿಸುವ ಗೋಣಿಚೀಲ ಹುಡುಕಲು ಓಡಿದರು. ಓಡಿ, ಅರ್ಧಕ್ಕೆ ನಿಂತು, ಮೇಲೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದು ಕೂತರು. ಮಳೆ ಶೀಟಿನ ಮೇಲೆ ಧಬಧಬನೆ ಸುರಿಯಹತ್ತಿತು. ಹಸಿ ಇಟ್ಟಿಗೆಗಳು ಹೆಗಲು ಇಳಿಸದೆ, ಮೂಲೆ ಬಿಡದೆ, ಸಾಲಾಗಿ ಕೂತು ಮಳೆ ನೋಡಿದವು.

ರೇಡಿಯೋ ತಲೆಯ ಹೊರೆ ಇಳಿಸಿ ಒಳಗೆ ಬಂದು, ಕೈ ಬೀಸಿ ಬೀಸಿ ಏನೋ ಹೇಳತೊಡಗಿದಳು. ಬಾಯಿ ಆಡುತ್ತಿತ್ತು, ಸದ್ದು ಮಾತ್ರ ಶೀಟಿನದೇ.

"ಏನಂದೆ ಅಕ್ಕ?" ಎಂದು ಅಚ್ಚಕ್ಕ ಕೂಗಿದಳು.

ರೇಡಿಯೋ ಮತ್ತೆ ಹೇಳಿದಳು. ಮತ್ತೆ ಕೇಳಲಿಲ್ಲ. ಅಚ್ಚಕ್ಕ ನಕ್ಕು, ಜೇಡಿಯ ರಾಶಿಗೆ ಎರಡೂ ಕೈ ಹಾಕಿದಳು.